ಜೋರು ಮಾಡಿದ್ದೆಲ್ಲ ಮಾಸ್ಟರಿಂಗ್ ಅಲ್ಲ

ಪುಣೆಯ ಸಣ್ಣ ಫ್ಲ್ಯಾಟಿನಲ್ಲೋ ಚೆನ್ನೈನ ಬಾಡಿಗೆ ಮನೆಯಲ್ಲೋ, ಅಕ್ಕಪಕ್ಕದವರ ಕುಕ್ಕರ್ ಕೂಗು ನಿಂತ ಮೇಲೆ ಫ್ಯಾನ್ ಆರಿಸಿ ಭಾವಗೀತೆ ರೆಕಾರ್ಡ್ ಮಾಡುವವರು ನಮ್ಮ ನಡುವೆ ಇದ್ದಾರೆ. ಅವರ ಕಿವಿಗೆ ಎರಡು ಉಪದೇಶ ಬೀಳುತ್ತಲೇ ಇರುತ್ತದೆ. ದುಬಾರಿ ಪ್ಲಗಿನ್ ಇಲ್ಲದೆ ಮಾಸ್ಟರಿಂಗ್ ಆಗುವುದಿಲ್ಲ ಎನ್ನುವುದು ಒಂದು. ಮಾಸ್ಟರ್ ಆದ ಹಾಡು ಜೋರಾಗಿ ಕೇಳಬೇಕು ಎನ್ನುವುದು ಇನ್ನೊಂದು. ಎರಡೂ ಸುಳ್ಳು. ಮೊದಲನೆಯದು ಜೇಬಿಗೆ ಕತ್ತರಿ ಹಾಕುತ್ತದೆ, ಎರಡನೆಯದು ಹಾಡಿಗೇ ಹಾಕುತ್ತದೆ.

ಕಂಠ, ಹಾರ್ಮೋನಿಯಂ, ತಬಲಾ, ತಂಬೂರಿಗಳನ್ನು ಒಂದಕ್ಕೊಂದು ಹೊಂದಿಸುವುದು ಮಿಕ್ಸಿಂಗ್. ಹೊಂದಿಸಿದ ಇಡೀ ಹಾಡನ್ನು ಹೊರಗೆ ಕಳಿಸುವ ಮುನ್ನ ಮಾಡುವ ಕೊನೆಯ ತಪಾಸಣೆ ಮತ್ತು ತಿದ್ದುಪಡಿ ಮಾಸ್ಟರಿಂಗ್. ಎಲ್‌ಪಿ ಕಾಲದಲ್ಲಿ ಅದಕ್ಕೊಂದು ಗಟ್ಟಿ ಕಾರಣವಿತ್ತು. ತಗ್ಗಿನ ಸದ್ದು ಮಿತಿಮೀರಿದರೆ ತಟ್ಟೆಯ ಗೆರೆಯಿಂದ ಮುಳ್ಳು ಎಗರುತ್ತಿತ್ತು; ಹಾಗಾಗದಂತೆ ಧ್ವನಿಯನ್ನು ತಿದ್ದಿ ತಟ್ಟೆ ಕೊರೆಯಬೇಕಿತ್ತು. ಇಂದು ಮುಳ್ಳಿಲ್ಲ, ಗುರಿ ಮಾತ್ರ ಅದೇ: ಹಾಡು ಫೋನಿನಲ್ಲೂ ಕಾರಿನಲ್ಲೂ ಇಯರ್‌ಫೋನಿನಲ್ಲೂ ಕೆಡದೆ ತಲುಪಬೇಕು.

ಹಾಗಿದ್ದರೆ ‘ಜೋರು’ ಎಲ್ಲಿಂದ ಬಂತು? ನಮ್ಮ ಕಿವಿಯ ದೌರ್ಬಲ್ಯದಿಂದ. ಸದ್ದು ಕಡಿಮೆಯಿದ್ದಾಗ ಕಿವಿಗೆ ತಗ್ಗಿನ ಸ್ವರಗಳು ಸರಿಯಾಗಿ ಕೇಳುವುದಿಲ್ಲ, ಜೋರಾದಂತೆ ಅವು ತುಂಬಿಕೊಳ್ಳುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಆದ್ದರಿಂದ ಒಂದೇ ಹಾಡನ್ನು ತುಸು ಜೋರಾಗಿ ಕೇಳಿಸಿದರೆ ಅದೇ ಚೆನ್ನಾಗಿದೆ ಎನಿಸುತ್ತದೆ. ಯಾವುದಾದರೂ ಪ್ಲಗಿನ್ ಜಾಹೀರಾತಿನ ‘ಮೊದಲು’, ‘ನಂತರ’ ತುಣುಕುಗಳನ್ನು ಒಂದೇ ಮಟ್ಟಕ್ಕೆ ತಂದು ಕೇಳಿ ನೋಡಿ. ಜಾದೂವಿನ ದೊಡ್ಡ ಪಾಲು ಅಲ್ಲೇ ಇಳಿದುಹೋಗಬಹುದು.

ಈ ಓಟಕ್ಕೆ ದೊಡ್ಡವರೂ ಬಿದ್ದಿದ್ದಾರೆ. 2008ರಲ್ಲಿ ಬಂದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಎಷ್ಟು ಒತ್ತಿಹೋಗಿತ್ತೆಂದರೆ, ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮಿನಲ್ಲೇ ಚೆನ್ನಾಗಿ ಕೇಳುತ್ತವೆ ಎಂದು ಅಭಿಮಾನಿಗಳು ತಿರುಗಿಬಿದ್ದರು. ದುಬಾರಿ ಉಪಕರಣಗಳ ಕೊರತೆ ಆ ತಂಡಕ್ಕಿರಲಿಲ್ಲ.

ಈಗಂತೂ ಆ ಓಟಕ್ಕೆ ಅರ್ಥವೇ ಉಳಿದಿಲ್ಲ. ಕಿವಿಗೆ ಸದ್ದು ಎಷ್ಟು ಜೋರೆನಿಸುತ್ತದೆ ಎಂಬುದನ್ನು ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಸ್ಪಾಟಿಫೈ ತನ್ನ ಸಾಮಾನ್ಯ ಸೆಟ್ಟಿಂಗಿನಲ್ಲಿ ಹಾಡುಗಳನ್ನು ಮೈನಸ್ 14ರ ಸುಮಾರಿಗೆ ಹೊಂದಿಸಿ ನುಡಿಸುತ್ತದೆ. ಮಿತಿ ಮೀರಿದ್ದನ್ನು ಯೂಟ್ಯೂಬ್ ಕೂಡ ತಗ್ಗಿಸುತ್ತದೆ. ನೀವು ಹಾಡನ್ನು ಹಿಂಡಿ ಮೈನಸ್ 8ಕ್ಕೆ ಏರಿಸಿದರೆ ಸ್ಪಾಟಿಫೈ 6 ಡೆಸಿಬಲ್ ಇಳಿಸುತ್ತದೆ. ಜೋರು ಹೋಯಿತು, ಹಿಂಡಿದ ಗಾಯ ಉಳಿಯಿತು.

ಆ ಗಾಯ ಕನ್ನಡದ ಹಾಡಿಗೆ ಹೆಚ್ಚು ನೋವು ಕೊಡುತ್ತದೆ. ಭಾವಗೀತೆಯಲ್ಲಿ ಮಾತೇ ಮುಖ್ಯ. ಲಿಮಿಟರ್ ಎಂಬ ಉಪಕರಣ ಎತ್ತರದ ಸದ್ದುಗಳನ್ನು ತಡೆಹಿಡಿದು, ಉಳಿದದ್ದನ್ನು ಮೇಲೆತ್ತಲು ಜಾಗ ಮಾಡಿಕೊಡುತ್ತದೆ. ಅದನ್ನು ಅತಿಯಾಗಿ ಒತ್ತಿದರೆ ಹಾಡುವವರು ಉಸಿರಿಗೆ ನಿಂತಾಗಲೆಲ್ಲ ಹಿಂದಿದ್ದ ತಂಬೂರಿ ಮುಂದಕ್ಕೆ ನುಗ್ಗುತ್ತದೆ, ಅವರು ಬಾಯಿ ತೆರೆದೊಡನೆ ಹಿಂಜರಿಯುತ್ತದೆ. ಉಸಿರಿನ ಸದ್ದು ಪದದಷ್ಟೇ ದೊಡ್ಡದಾಗುತ್ತದೆ. ಶ, ಷ, ಸ ಕಿವಿಗೆ ಚುಚ್ಚುತ್ತವೆ. ಪಿಸುಮಾತಿನಂತೆ ಶುರುವಾಗಿ ತಾರಸ್ಥಾಯಿಗೆ ಏರಬೇಕಾದ ಚರಣ ಮೊದಲಿಂದ ಕೊನೆವರೆಗೆ ಒಂದೇ ಎತ್ತರದ ಕಾಂಪೌಂಡ್ ಗೋಡೆಯಾಗುತ್ತದೆ. ಕವಿ ಒಂದು ಪದವನ್ನು ಮೆಲ್ಲಗೆ ಹೇಳಬೇಕೆಂದು ಬರೆದಿದ್ದರೆ, ಗಾಯಕಿ ಹಾಗೆಯೇ ಹಾಡಿದ್ದರೆ, ಅದನ್ನು ಅಳಿಸುವ ಅಧಿಕಾರ ಲಿಮಿಟರಿಗೆ ಕೊಟ್ಟವರಾರು?

ಇನ್ನು ಹಣದ ಮಾತು. ಮನೆಯ ರೆಕಾರ್ಡಿಂಗಿಗೆ ಬೇಕಾದ ಮಾಸ್ಟರಿಂಗ್ ಪುಕ್ಕಟೆ ಪ್ಲಗಿನ್‌ಗಳಲ್ಲೇ ಆಗುತ್ತದೆ. ವೋಕ್ಸೆಂಗೋ ಕಂಪನಿಯ ಸ್ಪ್ಯಾನ್ ಯಾವ ಸ್ವರಾವರ್ತ ಎಷ್ಟಿದೆ ಎಂದು ಕಣ್ಣಿಗೆ ತೋರಿಸುತ್ತದೆ. ಟಿಡಿಆರ್ ನೋವಾ ಈಕ್ವಲೈಸರ್ ಸಣ್ಣ ಕೋಣೆಯ ಗುಂಯ್‌ಗುಡುವಿಕೆಯನ್ನು ತಗ್ಗಿಸುತ್ತದೆ, ‘ಸ’ಕಾರ ಚುಚ್ಚುವ ಕ್ಷಣದಲ್ಲಷ್ಟೇ ಅದನ್ನು ಒತ್ತುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುನುಗು ಸೇರಿಕೊಂಡಿದ್ದರೆ ಅಲ್ಲಿಗೂ ಅದೇ ಸಾಕು. ಲೌಡ್‌ಮ್ಯಾಕ್ಸ್ ಲಿಮಿಟರನ್ನು ಮೈನಸ್ 1 ಡೆಸಿಬಲ್ಲಿಗೆ ಕಾವಲು ನಿಲ್ಲಿಸಿ. ಅದು ಅಪರೂಪಕ್ಕೆ ಕೆಲಸ ಮಾಡಿದರೆ ಸಾಕು. ಯೂಲೀನ್ ಲೌಡ್‌ನೆಸ್ ಮೀಟರಿನ ಪುಕ್ಕಟೆ ಆವೃತ್ತಿ ಎಲ್‌ಯುಎಫ್‌ಎಸ್ ಅಳೆದುಕೊಡುತ್ತದೆ. ಫ್ಯಾನ್ ಸದ್ದಿನ ಜೊತೆ ರೆಕಾರ್ಡ್ ಆದ ಕಂಠವನ್ನು ಇವು ಪೂರ್ತಿ ಕಾಪಾಡಲಾರವು, ನಿಜ. ಲಕ್ಷ ರೂಪಾಯಿಯ ಪ್ಲಗಿನ್ ಕೂಡ ಕಾಪಾಡದು.

“ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಯಾರೂ ಮಟ್ಟ ಹೊಂದಿಸುವುದಿಲ್ಲವಲ್ಲ, ಅಲ್ಲಿ ನಮ್ಮ ಹಾಡು ಸಪ್ಪೆಯಾಗುತ್ತದೆ” ಎನ್ನುವವರಿದ್ದಾರೆ. ಮಾತು ನ್ಯಾಯವಾದದ್ದೇ. ಆದರೆ ಕೇಳುವವರ ಫೋನಿನಲ್ಲಿ ವಾಲ್ಯೂಮ್ ಬಟನ್ ಇದೆ. ಮೆಲ್ಲನೆಯ ಹಾಡನ್ನು ಅವರು ಒಂದು ಬೆರಳಲ್ಲಿ ಏರಿಸಿಕೊಳ್ಳಬಲ್ಲರು. ನಜ್ಜುಗುಜ್ಜಾದ ಪದವನ್ನು ಮತ್ತೆ ಬಿಡಿಸಿಕೊಳ್ಳುವ ಬಟನ್ ಯಾವ ಫೋನಿನಲ್ಲೂ ಇಲ್ಲ.

“ಹಾಗಾದರೆ ಮಾಸ್ಟರಿಂಗ್ ಎಂಜಿನಿಯರುಗಳೇ ಬೇಡವೇ?” ಖಂಡಿತ ಬೇಕು. ಒಳ್ಳೆಯ ಎಂಜಿನಿಯರ್ ಕೊಡುವುದು ಪಳಗಿದ ಕಿವಿ, ಸದ್ದು ಸರಿಯಾಗಿ ಕೇಳುವ ಕೋಣೆ ಮತ್ತು ನಿಮ್ಮ ಹಾಡಿನ ಮೇಲೆ ಮೋಹವಿಲ್ಲದ ಅಭಿಪ್ರಾಯ. ಹಣವಿದ್ದರೆ ಅದಕ್ಕೆ ಕೊಡಿ. ಹಾಡು ಕೇಳದೆಯೇ ‘ಸ್ಟುಡಿಯೋ ಕ್ವಾಲಿಟಿ’ ಎಂದು ಒಂದೇ ಅಚ್ಚು ಒತ್ತಿ ಕಳಿಸುವವರಿಗೆ ಕೊಡಬೇಡಿ.

ಹಣವಿಲ್ಲದಿದ್ದರೆ ನಾಚಿಕೆಯೇನೂ ಬೇಡ. ಮಿಕ್ಸ್ ಮುಗಿಸಿ ಎರಡು ದಿನ ಬಿಟ್ಟು ಕೇಳಿ. ನೀವು ಮೆಚ್ಚಿದ ಹಳೆಯ ಭಾವಗೀತೆಯೊಂದನ್ನು ಅದೇ ಮಟ್ಟಕ್ಕೆ ತಂದು ಪಕ್ಕದಲ್ಲಿ ಕೇಳಿ. ಪ್ರತಿ ಪ್ಲಗಿನ್ನನ್ನು ಒಮ್ಮೆ ಆರಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ತೆಗೆದುಹಾಕಿ. ಕೊನೆಗೆ, ಆ ಹಾಡು ಗೊತ್ತಿಲ್ಲದ ಒಬ್ಬರಿಗೆ ಫೋನಿನಲ್ಲಿ ಕೇಳಿಸಿ, ಸಾಲುಗಳನ್ನು ಹೇಳಿಸಿ. ಅವರಿಗೆ ಪ್ರತಿ ಪದವೂ ತಿಳಿದಿದ್ದರೆ ನಿಮ್ಮ ಮಾಸ್ಟರಿಂಗ್ ಮುಗಿಯಿತು. ಹಾಡನ್ನು ಹೊರಗೆ ಬಿಡಿ.