ಪಟ್ಟಿಯಲ್ಲಿಲ್ಲದ ಹುಡುಗ



ಶಿರಸಿಯ ಓದುಗರೊಬ್ಬರ ಕಾಗದ ಬಂದಿದೆ. ಅವರ ಮಗಳು, ಅಳಿಯ ಇರುವುದು ಅಮೆರಿಕದ ಟೆಕ್ಸಾಸಿನಲ್ಲಿ. ಪಕ್ಕದ ಮನೆಯಾಕೆಯ ಮಗ ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಾನಂತೆ. "ಅವನ ಹೆಸರು ವಾಚ್ ಲಿಸ್ಟಿನಲ್ಲಿ ಬರಲಿಲ್ಲ ಅಂತ ಆಕೆ ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡಿಲ್ಲಮ್ಮ" ಎಂದು ಮಗಳು ಫೋನಿನಲ್ಲಿ ಹೇಳಿದಾಗ ಇವರಿಗೆ ಆಶ್ಚರ್ಯ. ವಾಚ್ ಲಿಸ್ಟ್ ಅಂದರೆ ಪೊಲೀಸರು ಕಣ್ಣಿಟ್ಟವರ ಪಟ್ಟಿಯಲ್ಲವೇ? ಬರದಿದ್ದರೆ ಒಳ್ಳೆಯದೇ ಆಯಿತಲ್ಲ! "ಇದು ಯಾವ ಪಟ್ಟಿ? ಆ ತಾಯಿಗೆ ನನ್ನ ಮಗಳು ಏನು ಹೇಳಿ ಸಮಾಧಾನ ಮಾಡಬೇಕು?" ಎಂದು ಕೇಳಿದ್ದಾರೆ.

ಇಲ್ಲಿ ಪೊಲೀಸರ ಸುದ್ದಿಯೇ ಇಲ್ಲ. ಅಮೆರಿಕದ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಲ್ಲಿಯ ಕಾಲೇಜು ಪಂದ್ಯಗಳಿಗೆ ಒಂದು ಲಕ್ಷ ಜನ ಸೇರುವುದುಂಟು. ವರ್ಷದ ಶ್ರೇಷ್ಠ ಆಟಗಾರನಿಗೆ 1935ರಿಂದ ಹೈಸ್ಮನ್ ಟ್ರೋಫಿ ಕೊಡುತ್ತಾರೆ. ಅದಲ್ಲದೆ ಚೆಂಡು ಎಸೆಯುವವನಿಗೊಂದು, ಹಿಡಿಯುವವನಿಗೊಂದು, ಕಾಲಿನಿಂದ ಒದೆಯುವವನಿಗೂ ಒಂದು, ಹೀಗೆ ಬಗೆಬಗೆಯ ಬಹುಮಾನಗಳಿವೆ. ಪಂದ್ಯಗಳು ಶುರುವಾಗುವುದು ಆಗಸ್ಟ್ ಕೊನೆಗೆ. ಅದಕ್ಕೂ ಮುಂಚೆಯೇ "ಈ ಸಲ ಇವರ ಮೇಲೆ ಕಣ್ಣಿಡಿ" ಎಂದು ಒಂದೊಂದು ಬಹುಮಾನಕ್ಕೂ ಹತ್ತಾರು ಹೆಸರುಗಳ ಪಟ್ಟಿ ಹೊರಡಿಸುತ್ತಾರೆ. ಅದೇ ಈ ವಾಚ್ ಲಿಸ್ಟ್.

ನೋಡಿ, ಇನ್ನೂ ಒಂದು ಪಂದ್ಯವೂ ಆಗಿಲ್ಲ! ಹೋದ ವರ್ಷದ ಆಟ, ಹುಡುಗನ ಹೆಸರು, ಕಾಲೇಜಿನ ಪ್ರಚಾರ, ಇವೆಲ್ಲ ಸೇರಿ ಪಟ್ಟಿ ಆಗುತ್ತದೆ. ಹುಡುಗಿಯನ್ನು ನೋಡುವ ಮುಂಚೆಯೇ ಜಾತಕ ನೋಡಿ ತೀರ್ಮಾನಿಸಿದ ಹಾಗೆ. 2025ರಲ್ಲಿ ಆಟ ಶುರುವಾಗುವ ಮೊದಲು ಎಲ್ಲರ ಬಾಯಲ್ಲೂ ಟೆಕ್ಸಾಸಿನ ಆರ್ಚ್ ಮ್ಯಾನಿಂಗ್ ಹೆಸರು. ಡಿಸೆಂಬರಿನಲ್ಲಿ ಹೈಸ್ಮನ್ ಗೆದ್ದದ್ದು ಇಂಡಿಯಾನಾ ವಿಶ್ವವಿದ್ಯಾಲಯದ ಫರ್ನಾಂಡೊ ಮೆಂಡೋಜಾ.

ಪಕ್ಕದ ಮನೆ ಹುಡುಗ ಆಡುವುದು ಲೈನ್‌ಮನ್ ಆಗಿ ಎಂದೂ ಕಾಗದದಲ್ಲಿದೆ. ನನಗೆ ಸಂಕಟವಾದದ್ದು ಇಲ್ಲಿಯೇ. ಚೆಂಡು ಎಸೆಯುವವನ ಮುಂದೆ ಗೋಡೆಯ ಹಾಗೆ ನಿಂತು, ನುಗ್ಗಿ ಬರುವವರನ್ನು ಮೈಕೊಟ್ಟು ತಡೆಯುವ ಕೆಲಸ ಅವನದು. ಚೆಂಡು ಅವನ ಕೈಗೆ ಬರುವುದೇ ಅಪರೂಪ. ಇಂಥವರಿಗೆಂದೇ 1946ರಿಂದ ಔಟ್‌ಲ್ಯಾಂಡ್ ಟ್ರೋಫಿ ಇದೆಯೆನ್ನಿ. ಆದರೆ ಹೈಸ್ಮನ್ ಇದುವರೆಗೆ ಇವರಲ್ಲಿ ಒಬ್ಬನಿಗೂ ದಕ್ಕಿಲ್ಲ. ಬಡಿಸಿದವರನ್ನು ಎಲ್ಲರೂ ಹೊಗಳುತ್ತಾರೆ, ಒಲೆಯ ಮುಂದೆ ಬೆಂದವಳು ಯಾರು ಅಂತ ಯಾರು ಕೇಳುತ್ತಾರೆ? ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಆ ತಾಯಿಗೆ ಬ್ರ್ಯಾಂಡನ್ ಬರ್ಲ್ಸ್‌ವರ್ತ್ ಎಂಬ ಹುಡುಗನ ಕಥೆ ನೆನಪಿಸಬಹುದು. ಆರ್ಕನ್ಸಾಸ್ ರಾಜ್ಯದ ಹ್ಯಾರಿಸನ್ ಎಂಬ ಊರಿನವನು, ದಪ್ಪ ಕಪ್ಪು ಫ್ರೇಮಿನ ಕನ್ನಡಕದವನು. ಅವನೂ ಲೈನ್‌ಮನ್ನೇ. 1994ರಲ್ಲಿ ಆ ರಾಜ್ಯದ ವಿಶ್ವವಿದ್ಯಾಲಯದ ತಂಡಕ್ಕೆ ವಿದ್ಯಾರ್ಥಿವೇತನವಿಲ್ಲದೆ, ತಾನಾಗಿಯೇ ಹೋಗಿ ಸೇರಿದ. ಅಂಥವರಿಗೆ ಅಲ್ಲಿ ವಾಕ್-ಆನ್ ಅನ್ನುತ್ತಾರೆ. ಕರೆಯದೆ ಬಂದವರು ಎನ್ನೋಣ. ಓದನ್ನೂ ಬಿಡಲಿಲ್ಲ, ಆಡುತ್ತಲೇ ಸ್ನಾತಕೋತ್ತರ ಪದವಿ ಮುಗಿಸಿದ. 1998ರಲ್ಲಿ ದೇಶದ ಅತ್ಯುತ್ತಮ ಆಟಗಾರರ ಸಾಲಿಗೆ ಬಂದ. 1999ರ ಏಪ್ರಿಲ್‌ನಲ್ಲಿ ದೊಡ್ಡ ವೃತ್ತಿಪರ ತಂಡವೊಂದು ಆರಿಸಿಕೊಂಡಿತು. ಅದಾಗಿ ಹನ್ನೊಂದೇ ದಿನ, ತಾಯಿಯನ್ನು ಚರ್ಚಿಗೆ ಕರೆದೊಯ್ಯಲು ಊರಿಗೆ ಹೊರಟವನು ರಸ್ತೆ ಅಪಘಾತದಲ್ಲಿ ತೀರಿಕೊಂಡ. ಬರೆಯುವಾಗಲೇ ನನ್ನ ಕಣ್ಣು ಮಂಜಾಯಿತು.

2010ರಿಂದ ಅವನ ಹೆಸರಿನಲ್ಲೇ, ಹೀಗೆ ಕರೆಯದೆ ಬಂದು ಬೆಳಗಿದ ಹುಡುಗರಿಗೆಂದೇ ಒಂದು ಬಹುಮಾನವಿದೆ. 2015, 2016 ಎರಡು ಸಲವೂ ಅದನ್ನು ಗೆದ್ದ ಬೇಕರ್ ಮೇಫೀಲ್ಡ್ 2017ರಲ್ಲಿ ಹೈಸ್ಮನ್ನನ್ನೂ ಗೆದ್ದ.

ಆದರೆ ಸೋದರಿ, ಸಾವಿನ ಭಾಗ ಮಾತ್ರ ನಿಮ್ಮ ಮಗಳು ಹೇಳುವುದು ಬೇಡ. ಮಗನನ್ನು ದೂರ ಕಳಿಸಿದ ತಾಯಿ, ಗಾಬರಿಯಾದಾಳು. ಈ ಪಟ್ಟಿಗೆ ಆಟ ನೋಡಿದ ಮೇಲೂ ಹೆಸರು ಸೇರಿಸುತ್ತಾರೆ ಎಂಬುದನ್ನು ತಪ್ಪದೆ ಹೇಳಲಿ. ಮೊದಲ ಪಂದ್ಯದ ದಿನ ಆಕೆಯ ಮನೆಗೇ ಹೋಗಿ ಟಿವಿ ಮುಂದೆ ಜೊತೆಯಲ್ಲಿ ಕೂತು, ಚೆಂಡನ್ನು ಬಿಟ್ಟು ಆ ಹುಡುಗನನ್ನೇ ನೋಡಲಿ. ಕೈಯಲ್ಲೊಂದು ಡಬ್ಬಿ ಕೋಡುಬಳೆ ಇರಲಿ. ಖಾರ ಮಾತ್ರ ಅರ್ಧ ಹಾಕಿ ಎನ್ನಿ.