ಹಳೆಯ ಬ್ಯಾಟರಿಗಳೂ ತಿಪ್ಪೆಯ ಗೊಬ್ಬರವೂ

ಬೇಸಾಯಕ್ಕೆ ಗೊಬ್ಬರವೇ ಮೂಲಧನವೆಂಬುದನ್ನು ಬುಕ್ಕಾಂಬುಧಿಯ ಸುತ್ತಣ ಗ್ರಾಮಗಳ ಒಕ್ಕಲುಗಳಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಮನೆ ಗುಡಿಸಿದ ಕಸ ಇವೆಲ್ಲವೂ ತಿಪ್ಪೆಯಲ್ಲಿ ಕೊಳೆತು ಮುಂಗಾರಿಗೆ ಮೊದಲು ಹೊಲವನ್ನು ಸೇರುವುವು. ಈ ಪದ್ಧತಿಯು ಉತ್ತಮವಾದುದೇ ಸರಿ. ಆದರೆ ಈಚೆಗೆ ಮನೆಯ ಕಸದೊಡನೆ ಎಂದಿಗೂ ಕೊಳೆಯದ ವಸ್ತುಗಳು ಬೆರೆಯುತ್ತಿವೆ. ಶಕ್ತಿ ಮುಗಿದ ಬ್ಯಾಟರಿಗಳು ಅವುಗಳಲ್ಲಿ ಒಂದು. ಟಾರ್ಚು, ಗೋಡೆಯ ಗಡಿಯಾರ, ಮಕ್ಕಳ ಆಟದ ಸಾಮಾನು, ಮೊಬೈಲು, ಔಷಧ ಸಿಂಪಡಿಸುವ ಯಂತ್ರ, ಸೌರ ಬೇಲಿ, ಟ್ರಾಕ್ಟರು ಇವುಗಳಲ್ಲಿ ಒಂದಾದರೂ ಇಲ್ಲದ ಒಕ್ಕಲ ಮನೆಯು ಈಗ ವಿರಳ. ಇವುಗಳ ಹಳೆಯ ಬ್ಯಾಟರಿಗಳು ತಿಪ್ಪೆಗೆ ಸಲ್ಲತಕ್ಕವಲ್ಲ.

ಒಂದೆರಡು ಸೆಲ್ಲುಗಳಿಂದ ಹೊಲಕ್ಕೆ ಏನಾದೀತೆಂದು ಕೆಲವರು ಕೇಳಬಹುದು. ಸಾಮಾನ್ಯವಾದ ಟಾರ್ಚಿನ ಸೆಲ್ಲಿನಲ್ಲಿರುವುದು ಹೆಚ್ಚಾಗಿ ಸತು ಮತ್ತು ಮ್ಯಾಂಗನೀಸು. ಇವು ಅಷ್ಟು ಭಯಂಕರವಾದುವಲ್ಲವೆಂಬುದು ನಿಜ. ಆದರೆ ಮರುಚಾರ್ಜು ಮಾಡುವ ಕೆಲವು ಹಳೆಯ ಸೆಲ್ಲುಗಳಲ್ಲಿ ಕ್ಯಾಡ್ಮಿಯಂ ಇರುವುದು. ಇದನ್ನು ಸಸ್ಯಗಳು, ಅದರಲ್ಲಿಯೂ ಸೊಪ್ಪಿನ ಗಿಡಗಳು, ಬೇರಿನಿಂದ ಸುಲಭವಾಗಿ ಹೀರಿಕೊಳ್ಳುವುವು. ತಿಂದವರ ಮೂತ್ರಪಿಂಡದಲ್ಲಿ ಅದು ವರ್ಷಗಟ್ಟಲೆ ನಿಲ್ಲುವುದು. ಯಾವ ಸೆಲ್ಲಿನಲ್ಲಿ ಯಾವ ಲೋಹವಿದೆಯೆಂದು ಕಸ ಗುಡಿಸುವವರು ಹೇಗೆ ಬಲ್ಲರು? ಸಗಣಿಯು ಮಣ್ಣಾಗುವುದು, ಲೋಹವು ಮಣ್ಣಾಗದು. ಪ್ರತಿವರ್ಷವೂ ಬಂದುದು ಹಿಂದಿನದರ ಮೇಲೆ ಕೂಡುತ್ತ ಹೋಗುವುದು. ಆದುದರಿಂದ ಎಲ್ಲವನ್ನೂ ಬೇರೆಯಾಗಿಡುವುದೇ ಕ್ಷೇಮ.

ಎಲ್ಲಕ್ಕಿಂತ ಅಪಾಯಕರವಾದುದು ಟ್ರಾಕ್ಟರು, ಇನ್ವರ್ಟರುಗಳ ಸೀಸದ ಬ್ಯಾಟರಿ. ಒಡೆದುಬಿದ್ದ ಇಂತಹ ಬ್ಯಾಟರಿಯನ್ನು ದನಗಳು ನೆಕ್ಕುವುದುಂಟು. ಸೀಸದ ವಿಷವೇರಿದ ರಾಸು ಹಲ್ಲು ಕಡಿಯುತ್ತ, ಕಣ್ಣು ಕಾಣದೆ ಗೋಡೆಗೆ ಹಾಯುತ್ತ, ಸೆಳೆತ ಬಂದು ಸಾಯುವುದು. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ಈ ಮಾತನ್ನು ಹಗುರವಾಗಿ ಎಣಿಸಲಾಗದು. ಮಕ್ಕಳ ವಿಷಯದಲ್ಲಂತೂ ನಿರಪಾಯವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಆಫ್ರಿಕದ ಸೆನೆಗಲ್ ದೇಶದಲ್ಲಿ, ಡಕಾರ್ ನಗರದ ಹೊರವಲಯದ ಒಂದು ಬಡಾವಣೆಯ ಜನರು ಹಳೆಯ ಬ್ಯಾಟರಿ ಒಡೆದ ಜಾಗದ ಮಣ್ಣನ್ನು ಮನೆಗೆ ತಂದು ಸೀಸಕ್ಕಾಗಿ ಜರಡಿಯಾಡಿದರು. 2007ರ ನವೆಂಬರಿನಿಂದ 2008ರ ಮಾರ್ಚಿಯೊಳಗೆ ಅಲ್ಲಿ 18 ಮಕ್ಕಳು ಸತ್ತರು. ಸೀಸದ ಆಸೆಗೆ ಹಿತ್ತಲಲ್ಲಿ ಬ್ಯಾಟರಿ ಒಡೆಯುವವರೂ ಕರಗಿಸುವವರೂ ಇದನ್ನು ನೆನೆಯಬೇಕು.

ಸೀಸದ ಬ್ಯಾಟರಿಗೆ ಬೆಲೆಯುಂಟು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟರೆ ಹಣವೂ ಕಡಿಮೆಯಾಗುವುದು, ಸೀಸವೂ ಕಾರ್ಖಾನೆಯಲ್ಲಿ ಕರಗಿ ಮತ್ತೆ ಬ್ಯಾಟರಿಯಾಗುವುದು. ಸಣ್ಣ ಸೆಲ್ಲಿಗೆ ಯಾರೂ ಕಾಸು ಕೊಡರು. ಅದಕ್ಕೆಂದೇ ಅದು ತಿಪ್ಪೆಯ ಪಾಲಾಗುವುದು. 2001ರ ಕೇಂದ್ರ ನಿಯಮಗಳು ಸೀಸದ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದುವು. 2022ರ ಆಗಸ್ಟಿನಲ್ಲಿ ಹೊರಟ ನಿಯಮಗಳು ಸಣ್ಣ ಸೆಲ್ಲುಗಳನ್ನೂ ಸೇರಿಸಿಕೊಂಡು, ಹಳೆಯವುಗಳನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೂ, ಮನೆಯ ಕಸದಿಂದ ಬೇರ್ಪಡಿಸಿ ಕೊಡುವ ಕರ್ತವ್ಯವನ್ನು ಬಳಸುವವರ ಮೇಲೂ ಇಟ್ಟಿವೆ. ಹಣವು ಮಾಡಿಸದ ಕೆಲಸವನ್ನು ಊರಿನ ಕಟ್ಟುಪಾಡು ಮಾಡಿಸಬೇಕು. ಇದು ಗ್ರಾಮದ ಮುಖಂಡರಿಂದಲೂ ಜಮೀನುದಾರರಿಂದಲೂ ಆಗತಕ್ಕ ಕಾರ್ಯ.

ಇದಕ್ಕೆ ವೆಚ್ಚವು ಅಲ್ಪ.

1. ಪ್ರತಿ ಮನೆಯಲ್ಲಿಯೂ ಮುಚ್ಚಳವುಳ್ಳ ಒಂದು ಪ್ಲಾಸ್ಟಿಕ್ ಡಬ್ಬವನ್ನು ಮಕ್ಕಳ ಕೈಗೆಟುಕದಂತೆ ಒಣಗಿದ ಜಾಗದಲ್ಲಿಡತಕ್ಕದ್ದು.

2. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಗೆ ಬರುವ ದಿನ ಅದನ್ನು ತಂದು, ಪಂಚಾಯಿತಿಯು ಅಲ್ಲಿ ಇಡಿಸಿದ ಪೆಟ್ಟಿಗೆಗೆ ಹಾಕತಕ್ಕದ್ದು. ಪಂಚಾಯಿತಿಯು ಅದನ್ನು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸತಕ್ಕದ್ದು.

3. ಮೊಬೈಲಿನ ಬ್ಯಾಟರಿಯ ತುದಿಗಳಿಗೆ ಅಂಟುಪಟ್ಟಿ ಹಚ್ಚತಕ್ಕದ್ದು. ಉಬ್ಬಿದುದನ್ನು ಚುಚ್ಚದೆ, ಒಣಮರಳಿನ ಮಡಕೆಯಲ್ಲಿ ಮನೆಯ ಹೊರಗಿಡತಕ್ಕದ್ದು. ಅದು ಬೆಂಕಿ ಹೊತ್ತಬಲ್ಲುದು.

4. ಯಾವ ಬ್ಯಾಟರಿಯನ್ನೂ ಒಲೆಗೆ ಹಾಕಕೂಡದು. ಅದರ ಆಮ್ಲವನ್ನು ನೆಲಕ್ಕಾಗಲಿ ಚರಂಡಿಗಾಗಲಿ ಚೆಲ್ಲಕೂಡದು.

ಅಂಬುಧಿಯೆಂದರೆ ಸಮುದ್ರ. ಹಿಂದಿನವರು ತಾವು ಕಟ್ಟಿಸಿದ ಕೆರೆಗಳನ್ನು ಸಮುದ್ರವೆಂದೂ ಅಂಬುಧಿಯೆಂದೂ ಕರೆದರು. ನೀರಿನ ಬೆಲೆಯನ್ನು ಅವರು ಅಷ್ಟರಮಟ್ಟಿಗೆ ಬಲ್ಲವರಾಗಿದ್ದರು. ಹೊಲದ ಮೇಲೆ ಹರಿದ ಮಳೆಯ ನೀರು ಕಡೆಗೆ ಕೆರೆಯನ್ನೇ ಸೇರುವುದಷ್ಟೆ. ಊರಿನ ಹಿರಿಯರು ಮೊದಲು ತಮ್ಮ ಮನೆಯ ತಿಪ್ಪೆಯನ್ನು ಶುದ್ಧವಾಗಿಟ್ಟುಕೊಂಡರೆ, ಉಳಿದ ಒಕ್ಕಲುಗಳು ಹೇಳಿಸಿಕೊಳ್ಳದೆಯೇ ಅನುಸರಿಸುವರು.