ಬೆರಕೆಗೆ ಏಕೆ ನಾಚಿಕೆ?

ವಿಸ್ಕಿ ರಸಿಕರಲ್ಲೂ ಒಂದು ಮಡಿಯಿದೆ. ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬಾರ್ಲಿಯೊಂದರಿಂದಲೇ ಇಳಿಸಿದ ಸಿಂಗಲ್ ಮಾಲ್ಟ್ ಅವರ ಪಂಕ್ತಿಯಲ್ಲಿ ಮೊದಲು ಕೂರುತ್ತದೆ. ಹಲವು ಬಗೆಯ ವಿಸ್ಕಿಗಳನ್ನು ಕೂಡಿಸಿದ ಬ್ಲೆಂಡೆಡ್‌ಗೆ ಹೊರಗಿನ ಜಗುಲಿ. ಕುಡಿಯುವ ರೀತಿಯಲ್ಲೂ ಇದೇ ಶ್ರೇಣಿ. ನೀಟಾಗಿ, ಅಂದರೆ ನಮ್ಮ ಊರುಗಳ ಮಾತಿನಲ್ಲಿ 'ರಾ' ಆಗಿ, ಗುಟುಕರಿಸುವವನು ಬಲ್ಲವನು. ಕಾಕ್‌ಟೇಲ್ ಮಾಡಿಕೊಳ್ಳುವವನು ಇನ್ನೂ ಕಲಿಯಬೇಕಾದವನು. ಈ ಎರಡೂ ಏಣಿಗಳ ಕೊನೆಯ ಮೆಟ್ಟಿಲಿಗೆ ತಳ್ಳಿರುವುದು ಕೆನಡಾದ ಬ್ಲೆಂಡೆಡ್ ವಿಸ್ಕಿಯನ್ನು. 'ಕಂದು ವೋಡ್ಕಾ' ಎಂಬುದು ಅದಕ್ಕೆ ಅಂಟಿಸಿರುವ ಅಡ್ಡಹೆಸರು. ನಮ್ಮ ತಕರಾರು ಈ ಮಡಿಯೊಂದಿಗೆ.

ಕುಡಿಯಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ಅದರಲ್ಲಿ ಈ ಪತ್ರಿಕೆಯ ಬಹುಪಾಲು ಓದುಗರ ನಿಲುವೇನೆಂದು ನಮಗೆ ಗೊತ್ತು. ಅದನ್ನು ಕದಲಿಸುವ ಉಮೇದು ನಮಗಿಲ್ಲ. ಆದರೆ 'ಶುದ್ಧ'ವಾದದ್ದು ಮೇಲು, 'ಬೆರಕೆ'ಯಾದದ್ದು ಕೀಳು ಎಂಬ ವಾದ ಎಲ್ಲಿ ತಲೆಯೆತ್ತಿದರೂ, ಅದು ಗಾಜಿನ ಲೋಟದೊಳಗೇ ಇದ್ದರೂ, ಅದನ್ನು ಪರೀಕ್ಷಿಸದೆ ಬಿಡಬಾರದು ಎಂದು ನಂಬಿದವರು ನಾವು.

ಮೊದಲಿಗೆ ಶುದ್ಧದ ಪ್ರತಿನಿಧಿಯಾದ ಸಿಂಗಲ್ ಮಾಲ್ಟನ್ನೇ ನೋಡೋಣ. ಅದರ ಒಂದು ಬಾಟಲಿ ಸಾಮಾನ್ಯವಾಗಿ ಅನೇಕ ಪೀಪಾಯಿಗಳ ಮದ್ಯವನ್ನು ಕೂಡಿಸಿ ತುಂಬಿದ್ದು. ಆ ಪೀಪಾಯಿಗಳಾದರೂ ಹೊಸವಲ್ಲ. ಬಹಳಷ್ಟು ಅಮೆರಿಕದ ಬೂರ್ಬನ್ ತುಂಬಿದ್ದವು, ಕೆಲವು ಸ್ಪೇನಿನ ಶೆರಿ ವೈನ್ ತುಂಬಿದ್ದವು. ಆ ಹಳೆಯ ಪಾನೀಯಗಳ ರುಚಿ ಹತ್ತಲಿ ಎಂದೇ ಅವುಗಳನ್ನು ತರಿಸುತ್ತಾರೆ. ಪೀಪಾಯಿಯಿಂದ ಹೊರಬಂದ ಖಾರವಾದ ಮದ್ಯಕ್ಕೆ ನೀರು ಬೆರೆಸಿ ಶೇಕಡಾ 40ಕ್ಕೋ 43ಕ್ಕೋ ಇಳಿಸಿ ಬಾಟಲಿಗೆ ಹಾಕುತ್ತಾರೆ. ಅಂದರೆ ನೀಟ್ ಕುಡಿಯುವವನ ಲೋಟದಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದು ಇದು: ವಿಸ್ಕಿಗೆ ಹೊಗೆಯ ಕಂಪು ಕೊಡುವ ಗ್ವಾಯಕಾಲ್ ಎಂಬ ಅಣು, ನೀರು ಹೆಚ್ಚಾದಾಗ ದ್ರವದ ಮೇಲ್ಮೈಗೆ ಬರುತ್ತದೆ, ಮದ್ಯಸಾರ ಹೆಚ್ಚಿದ್ದಾಗ ಒಳಗೇ ಹುದುಗಿರುತ್ತದೆ. ಬೆರೆಸಿದರೆ ರುಚಿ ಕೆಡುತ್ತದೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಈಗ ಕೆನಡಾಕ್ಕೆ ಬರೋಣ. ಅಮೆರಿಕದ ಬೂರ್ಬನ್ ತಯಾರಕರು ಮೆಕ್ಕೆಜೋಳ, ರೈ, ಬಾರ್ಲಿಗಳನ್ನು ಮೊದಲೇ ಬೆರೆಸಿ ಹುದುಗಿಸುತ್ತಾರೆ. ಕೆನಡಾದವರು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಒಂದೊಂದು ಧಾನ್ಯವನ್ನೂ ಬೇರೆಯಾಗಿ ಹುದುಗಿಸಿ, ಬೇರೆಯಾಗಿ ಇಳಿಸಿ, ಬೇರೆ ಪೀಪಾಯಿಗಳಲ್ಲಿ ಇಡುತ್ತಾರೆ. ಹೆಚ್ಚಾಗಿ ಮೆಕ್ಕೆಜೋಳದಿಂದ ಬಂದ ಹಗುರ ವಿಸ್ಕಿ ತಳಹದಿ. ರೈ ಎಂಬ, ಗೋಧಿಯ ಬಳಗದ, ಚಳಿ ತಡೆಯುವ ಧಾನ್ಯದಿಂದ ಬಂದ ಗಡುಸು ವಿಸ್ಕಿ ಒಗ್ಗರಣೆ. ಕನಿಷ್ಠ 3 ವರ್ಷ ಮಾಗಿದ ಮೇಲೆ ಬ್ಲೆಂಡರ್ ಇವುಗಳ ಪಾಕ ಹೊಂದಿಸುತ್ತಾನೆ. ಕೆನಡಿಯನ್ ಕ್ಲಬ್ ಮಾತ್ರ ಪೀಪಾಯಿಗೆ ಹಾಕುವ ಮುಂಚೆಯೇ ಬೆರೆಸುವ ಪದ್ಧತಿಗೆ ಹೆಸರಾದದ್ದು. ಸ್ಕಾಟ್‌ಲೆಂಡಿನ ಬ್ಲೆಂಡ್ ಹಲವು ಡಿಸ್ಟಿಲರಿಗಳ ಕೂಡಿಕೆಯಾದರೆ, ಕೆನಡಾದ್ದು ಬಹುಮಟ್ಟಿಗೆ ಒಂದೇ ಡಿಸ್ಟಿಲರಿಯ ಛಾವಣಿಯಡಿ ನಡೆಯುವ ಕೆಲಸ. ಪ್ರತಿಯೊಂದಕ್ಕೂ ತನ್ನ ಪಾಡಿಗೆ ಮಾಗಲು ಅವಕಾಶ ಕೊಟ್ಟು, ಆಮೇಲೆ ಕೂಡಿಸುವುದು. ಇದನ್ನು ಕಲಬೆರಕೆ ಎನ್ನುವುದು ಅಡುಗೆ ಗೊತ್ತಿಲ್ಲದವರ ಮಾತು.

ನೀಟಾಗಿ ಸವಿದಾಗ ಈ ವಿಸ್ಕಿ ಕೊಡುವುದೇನು? ಮೊದಲು ಓಕ್ ಮರದಿಂದ ಬಂದ ವೆನಿಲ್ಲಾ, ಕಾಸಿದ ಸಕ್ಕರೆಯ ಸಿಹಿ. ಹಿಂದೆಯೇ ರೈ ತರುವ ಲವಂಗ, ಶುಂಠಿ, ಕರಿಮೆಣಸು. ಕೊನೆಯಲ್ಲಿ ಚಕ್ಕೋತದ ಬಿಳಿಸಿಪ್ಪೆಯಂಥ ಸಣ್ಣ ಕಹಿ. ಮೈ ಹಗುರ. ಪೀಟ್ ಹೊಗೆಯ ಸ್ಕಾಚ್‌ನ ಅಳತೆಗೋಲು ಹಿಡಿದು ಬಂದವನಿಗೆ ಈ ಹಗುರವೇ ಕೊರತೆಯಾಗಿ ಕಾಣುತ್ತದೆ. ಅಗ್ಗದ ಬಾಟಲಿಗಳಲ್ಲಿ ಒಗ್ಗರಣೆ ಕಡಿಮೆ, ಹೆಸರಿಗಷ್ಟೇ ಸ್ವಾದ ಎಂಬುದು ನಿಜ. ಆದರೆ ಸಪ್ಪೆ ಸಾರು ತಿಂದು ಇಡೀ ಅಡುಗೆ ಪದ್ಧತಿಯನ್ನೇ ಜರೆಯುವುದು ನ್ಯಾಯವಲ್ಲ. ಜಿಮ್ ಮರ್ರೆ ತಮ್ಮ 2016ರ 'ವಿಸ್ಕಿ ಬೈಬಲ್'ನಲ್ಲಿ ಕ್ರೌನ್ ರಾಯಲ್ ನಾರ್ದರ್ನ್ ಹಾರ್ವೆಸ್ಟ್ ರೈಯನ್ನು ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿ ಕೂರಿಸಿದಾಗ ಹುಬ್ಬೇರಿಸಿದ ರಸಿಕರು ಕಡಿಮೆಯಿರಲಿಲ್ಲ. ಒಬ್ಬರ ತೀರ್ಪೇ ವೇದವಾಕ್ಯ ಎಂದು ನಾವು ಹೇಳುವುದಿಲ್ಲ. ಆದರೆ ಆ ಹುಬ್ಬುಗಳು ಏರಿದ್ದು ರುಚಿ ನೋಡಿಯೋ, ಊರಿನ ಹೆಸರು ನೋಡಿಯೋ?

ಕಾಕ್‌ಟೇಲ್ ವಿಚಾರ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಆ ಪದಕ್ಕೆ ಕೊಟ್ಟ ವಿವರಣೆಯಲ್ಲಿ ಇದ್ದದ್ದು ನಾಲ್ಕೇ: ಮದ್ಯ, ಸಕ್ಕರೆ, ನೀರು, ಕಹಿ ಮೂಲಿಕೆಗಳ ಸಾರ. ಇಂದಿನ ಓಲ್ಡ್ ಫ್ಯಾಷನ್ಡ್ ಎಂಬುದು ಹೆಚ್ಚುಕಡಿಮೆ ಅದೇ. ಮ್ಯಾನ್‌ಹಟನ್‌ನಲ್ಲಿ ಎರಡು ಪಾಲು ವಿಸ್ಕಿಗೆ ಒಂದು ಪಾಲು ಸಿಹಿ ವರ್ಮೂತ್, ಎರಡು ಹನಿ ಬಿಟರ್ಸ್. ಹುಟ್ಟಿನಿಂದ ಅದು ಅಮೆರಿಕದ ರೈ ವಿಸ್ಕಿಯ ಪಾನೀಯ. 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ಡೆಟ್ರಾಯಿಟ್ ನದಿ ದಾಟಿ ಕದ್ದು ಬಂದ ಕೆನಡಾದ ವಿಸ್ಕಿ ಆ ಜಾಗಕ್ಕೆ ಬಂತು. ಇನ್ನೊಂದಕ್ಕೆ ಟೊರಾಂಟೊ ಎಂದೇ ಹೆಸರು. ಕೆನಡಾ ವಿಸ್ಕಿಗೆ ಸ್ವಲ್ಪ ಸಕ್ಕರೆ ಪಾಕ, ಬಿಟರ್ಸ್, ಇಟಲಿಯ ಕಡುಕಹಿ ಫರ್ನೆಟ್ ಸೇರಿಸಿದ್ದು. ಡೇವಿಡ್ ಎಂಬ್ಯೂರಿಯ 1948ರ ಕಾಕ್‌ಟೇಲ್ ಪುಸ್ತಕದಲ್ಲಿ ಅದು ಈ ಹೆಸರಿನಿಂದಲೇ ಇದೆ. ಫರ್ನೆಟ್‌ನ ಕಹಿ ಸಣ್ಣಪುಟ್ಟದ್ದಲ್ಲ. ಅದರ ಕೆಳಗೂ ಲವಂಗ-ಮೆಣಸಿನ ದನಿ ಕೇಳಿಸಿದರೆ ಆ ವಿಸ್ಕಿಯಲ್ಲಿ ಒಗ್ಗರಣೆ ಇದೆಯೆಂದು ಅರ್ಥ. ಕೇಳಿಸದಿದ್ದರೆ ಇಲ್ಲ. ಬೆರೆಸುವುದು ದೋಷ ಮುಚ್ಚಲಿಕ್ಕೆ ಎಂದು ರಸಿಕರು ಹೇಳುತ್ತಾರೆ. ಇಲ್ಲಿ ಬೆರಕೆಯೇ ದೋಷವನ್ನು ಹೊರಗೆಳೆಯುತ್ತದೆ. ನೀಟ್ ಲೋಟ ಒಂದು ಪರೀಕ್ಷೆಯಾದರೆ ಇದು ಅದಕ್ಕಿಂತ ಕಠಿಣವಾದ ಇನ್ನೊಂದು.

ಇಷ್ಟು ಹೇಳಿದ ಮೇಲೆ ಕೆನಡಾದವರಿಗೂ ಹೇಳಬೇಕಾದ್ದಿದೆ. ಅಲ್ಲಿನ ಕಾನೂನಿನಲ್ಲಿ 'ಕೆನಡಿಯನ್ ವಿಸ್ಕಿ', 'ಕೆನಡಿಯನ್ ರೈ ವಿಸ್ಕಿ', 'ರೈ ವಿಸ್ಕಿ' ಮೂರಕ್ಕೂ ಒಂದೇ ವ್ಯಾಖ್ಯೆ. ರೈ ಇಂತಿಷ್ಟು ಇರಲೇಬೇಕೆಂಬ ಷರತ್ತಿಲ್ಲ. ಅಮೆರಿಕದಲ್ಲಾದರೆ ಆ ಹೆಸರಿಗೆ ಶೇಕಡಾ 51 ರೈ ಇರಬೇಕು. ಶೇಕಡಾ 9.09ರವರೆಗೆ, ಅಂದರೆ 11ರಲ್ಲಿ ಒಂದು ಪಾಲು, ವೈನನ್ನೋ ಬೇರೆ ಮದ್ಯವನ್ನೋ ಸೇರಿಸಲೂ ಅನುಮತಿಯುಂಟು. ಬಾಟಲಿಗಳ ಮೇಲೆ ಈ ವಿವರ ಹುಡುಕಿದರೆ ಸಿಗುವುದು ಅಪರೂಪ. ಬದಲಿಗೆ ಕಿರೀಟ, ನೇರಳೆ ಚೀಲ, 1939ರಲ್ಲಿ ಬಂದ ರಾಜ ರಾಣಿಯರ ಕಥೆ. ಕಿರೀಟದ ಹಿಂದೆ ಅಡಗುವುದು ಬೆರಕೆಗೆ ತಾನೇ ನಾಚಿಕೊಂಡ ಹಾಗೆ. ಮಡಿವಂತರ ಕೈಗೆ ಕೋಲು ಕೊಡುವುದು ಈ ಮೌನವೇ. ಆಲ್ಬರ್ಟಾ ರೈ ಡಾರ್ಕ್ ಬ್ಯಾಚ್ ತಯಾರಕರು ಶೇಕಡಾ 91 ರೈ ವಿಸ್ಕಿ, 8 ಬೂರ್ಬನ್, 1 ಶೆರಿ ಎಂದು ಬಾಯಿಬಿಟ್ಟು ಹೇಳಿದರು. ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಭಾರತದ ಬಾರ್ಲಿಗೆ ಸ್ಕಾಟ್‌ಲೆಂಡಿನ ಹೊಗೆ ಹಾಯಿಸಿದ ಬಾರ್ಲಿ ಕೂಡಿಸಿ 'ಫ್ಯೂಷನ್' ಎಂದೇ ಹೆಸರಿಟ್ಟಿತು. ಬೆರಕೆಯನ್ನು ಹೆಸರಿನಲ್ಲೇ ಹೊತ್ತ ಆ ವಿಸ್ಕಿ ಜಗತ್ತಿನ ರಸಿಕರ ಮೆಚ್ಚುಗೆ ಗಳಿಸಿತು.

ಉರ್ದುವಿನಲ್ಲಿ 'ಮಿಲಾವಟ್' ಎಂದರೆ ಕಲಬೆರಕೆ, 'ಮಿಲಾಪ್' ಎಂದರೆ ಕೂಡುವಿಕೆ. ಎರಡೂ ಒಂದೇ ಧಾತುವಿನ ಮಕ್ಕಳು. ಹಾಲಿಗೆ ನೀರು ಹಾಕಿ ಹಾಲೆಂದು ಮಾರುವುದು ಮೊದಲನೆಯದು; ಹಾಲು ಸಕ್ಕರೆ ಚಹಾಪುಡಿ ಹಾಕಿ ಚಹಾ ಎಂದು ಕೊಡುವುದು ಎರಡನೆಯದು. ಇವುಗಳ ನಡುವಿನ ಗೆರೆ ಇರುವುದು ಬೆರೆಸುವುದರಲ್ಲಲ್ಲ, ಹೇಳುವುದರಲ್ಲಿ. ಆದ್ದರಿಂದ ರಸಿಕರು ಕೇಳಬೇಕಾದ ಪ್ರಶ್ನೆ 'ಇದು ಶುದ್ಧವೇ?' ಎಂಬುದಲ್ಲ. 'ಇದರಲ್ಲಿ ಏನೇನಿದೆ, ಹೇಳಿ' ಎಂಬುದು. ಕೆನಡಾದ ತಯಾರಕರು ಅದಕ್ಕೆ ಬಾಟಲಿಯ ಮೇಲೆಯೇ ಉತ್ತರ ಬರೆಯಲಿ. ನೀಟೋ ಮ್ಯಾನ್‌ಹಟನ್ನೋ ಎಂಬುದನ್ನು ಕುಡಿಯುವವರ ನಾಲಗೆಗೆ ಬಿಟ್ಟುಬಿಡಲಿ.